ಆಪರೇಟರ್ ಒಬ್ಬರೇ ಇರತಕ್ಕದ್ದು

ಡೊಂಬಿವಲಿ ಪೂರ್ವ
14 ಜನವರಿ 1986

ಪ್ರೀತಿಯ ವಸಂತ ಭಾವನಿಗೆ ಜಯಶೀಲನ ನಮಸ್ಕಾರ.

ಇವತ್ತು ಸಂಕ್ರಾಂತಿ. ನಿಮ್ಮ ತಂಗಿ ಎಳ್ಳುಂಡೆ ಕಟ್ಟಿದ್ದಾಳೆ. ನಾಲ್ಕು ಉಂಡೆ ಈ ಲಾಗಿನ ಜೊತೆ ಕಳಿಸೋಣವೆಂದರೆ ಸ್ಪರ್ಧೆಯ ಪರಿಶೀಲಕರಾದ ನಿಮಗೆ ಲಂಚ ಕೊಟ್ಟಂತಾದೀತೆಂದು ಹೆದರಿಕೆ. ಫಲಿತಾಂಶ ಹೊರಬಿದ್ದ ಮೇಲೆ ವಾಶಿಗೆ ಡಬ್ಬಿ ತುಂಬ ತರುತ್ತೇನೆ.

ಇದನ್ನೆಲ್ಲ ರೇಡಿಯೊದಲ್ಲೇ ಹೇಳಬಹುದಿತ್ತು. ಸಂಜೆ ಸೆಟ್ ಹಚ್ಚಿ ಕರೆದರೆ ಪಾರ್ಸಿಕ್ ಗುಡ್ಡ ದಾಟಿ ನಿಮ್ಮ ಸ್ವರ ಎರಡು ನಿಮಿಷದಲ್ಲಿ ಬರುತ್ತದೆ. ಆದರೆ ಹವ್ಯಾಸಿ ರೇಡಿಯೊದ ಹ್ಯಾಮ್ ಆದವನಿಗೆ ಗುಟ್ಟು ಎಂಬುದಿಲ್ಲವಲ್ಲ. ನಾವಿಬ್ಬರು ಆಡಿದ್ದನ್ನು ಠಾಣೆಯಿಂದ ಕಲ್ಯಾಣದವರೆಗೆ ಸೆಟ್ ಇರುವವರೆಲ್ಲ ಕೇಳುತ್ತಾರೆ. ಕಲ್ಯಾಣದ ಪೂವಪ್ಪನಂತೂ ಹೆಡ್‌ಫೋನ್ ಹಾಕಿಕೊಂಡೇ ಊಟಕ್ಕೆ ಕೂರುವ ಮನುಷ್ಯ. ಕಳೆದ ಎರಡು ವರ್ಷವೂ ಕಪ್ ಹೊತ್ತುಕೊಂಡು ಹೋದವನು ಅವನೇ. ಹಾಗಾಗಿ ಸ್ಪರ್ಧೆಯ ಮಾತು ಅಂಚೆಯಲ್ಲೇ ಇರಲಿ.

ಭಾನುವಾರ ನಡೆದ ನಮ್ಮ ಕ್ಲಬ್ಬಿನ ವಿ.ಎಚ್.ಎಫ್. ಸ್ಪರ್ಧೆಯಲ್ಲಿ ಯಾರೊಡನೆ ಎಷ್ಟು ಹೊತ್ತಿಗೆ ಮಾತಾಡಿದೆನೆಂಬ ಲಾಗ್ ಇದರೊಂದಿಗಿದೆ. ನೀವೇ ಬರೆದ ನಿಯಮಾವಳಿ ನನಗೆ ಬಾಯಿಪಾಠ. ಬೆಳಿಗ್ಗೆ ಆರರಿಂದ ಹನ್ನೆರಡು. ಒಂದು ಸ್ಟೇಷನ್ನಿನೊಡನೆ ಒಂದೇ ಸಂಪರ್ಕ. ಮೈಕ್ ಹಿಡಿದವರು ತಮ್ಮ ಹೆಸರನ್ನೂ ಇದು ತಮ್ಮ ಎಷ್ಟನೆಯ ಸಂಪರ್ಕವೆಂಬ ನಂಬರನ್ನೂ ಹೇಳಬೇಕು, ಆಚೆಯವರದ್ದನ್ನು ಕೇಳಿ ಬರೆದುಕೊಳ್ಳಬೇಕು. ಎರಡೂ ಕಡೆ ಪೂರ್ತಿಯಾದರೆ ಒಂದು ಅಂಕ. ಆಪರೇಟರ್ ಒಬ್ಬರೇ ಇರತಕ್ಕದ್ದು. ಹೇಗೆ, ಒಂದಕ್ಷರ ತಪ್ಪಿದೆಯೇ?

ಭಾವ, ಅರವತ್ತೊಂದು! ಪೂವಪ್ಪನದ್ದು ಐವತ್ತೆರಡು ಎಂದು ಅವನೇ ಹೇಳಿಕೊಂಡು ತಿರುಗುತ್ತಿದ್ದಾನೆ. ಎಂ.ಐ.ಡಿ.ಸಿ. ಕಾರ್ಖಾನೆಯ ನನ್ನಂಥ ಒಬ್ಬ ಮೀಟರ್ ರಿಪೇರಿಯವನು ಇದೇ ಮೊದಲ ಸಲ ಕಪ್ ಎತ್ತುತ್ತಾನೆ. ಲಾಗಿನ ಕೆಳಗೆ 'ಆಪರೇಟರ್ ನಾನೊಬ್ಬನೇ' ಎಂಬ ಘೋಷಣೆಗೆ ರುಜು ಹಾಕಿದ್ದೇನೆ.

ನಿಮ್ಮ ಭಾವ
ಜಯಶೀಲ


ವಾಶಿ
20 ಜನವರಿ 1986

ಜಯಶೀಲ ಭಾವನಿಗೆ ವಸಂತಕುಮಾರನ ವಂದನೆಗಳು.

ಲಾಗ್ ತಲುಪಿತು. ಅಕ್ಷರ ಚೆನ್ನಾಗಿದೆ. ಬೇಲಾಪುರದ ಆಫೀಸಿಗೆ ಹೋಗುವ ಬಸ್ಸು ನೆರೂಳದ ಹತ್ತಿರ ಮುಕ್ಕಾಲು ಗಂಟೆ ನಿಂತಿದ್ದರಿಂದ ಅಲ್ಲೇ ಕುಳಿತು ಎರಡು ಸಲ ಓದಿದೆ.

ನಿಮ್ಮ ವೇಗ ಗಂಟೆಗೆ ಎಂಟೋ ಒಂಬತ್ತೋ ಸಂಪರ್ಕ. ಹವೆ ಕೇಳುವುದು, ಮಕ್ಕಳ ಕ್ಷೇಮ ವಿಚಾರಿಸುವುದು ನಿಮ್ಮ ಅಭ್ಯಾಸ. ಅದು ಕಳೆದ ವರ್ಷವೂ ಹಾಗೇ ಇತ್ತು. ಆದರೆ ಒಂಬತ್ತು ಹನ್ನೆರಡರಿಂದ ಒಂಬತ್ತು ನಲವತ್ತರವರೆಗೆ, ಇಪ್ಪತ್ತೆಂಟು ನಿಮಿಷದಲ್ಲಿ, ಹದಿನಾಲ್ಕು ಸಂಪರ್ಕ. ಅದರಲ್ಲಿ ಘಟ್ಟದ ಆಚೆಯ ಪುಣೆಯದ್ದೂ ಒಂದು. ಅಭಿನಂದನೆ. ಆಮೇಲೆ ಮತ್ತೆ ಹವೆ, ಮಕ್ಕಳು.

ಲಾಗಿಗೆ ಸೇರಿಸುವಂಥದ್ದು, ತಿದ್ದುವಂಥದ್ದು ಏನಾದರೂ ಉಂಟೇ? ಎಲ್ಲರಿಗೂ ಫೆಬ್ರವರಿ ಹದಿನೈದರವರೆಗೆ ಸಮಯವಿದೆ, ನಿಮಗೂ ಇದೆ. ತಂಗಿಯ ಗಂಡನೆಂದು ನಾನು ಒಂದು ಅಂಕ ಹೆಚ್ಚು ಕೊಡುವವನಲ್ಲ, ಹಾಗೆಂದು ಕಡಿಮೆ ಕೊಡುವವನೂ ಅಲ್ಲ.

ಸುಂದರಿಗೆ ಆಶೀರ್ವಾದ.

ವಸಂತಕುಮಾರ


ಡೊಂಬಿವಲಿ ಪೂರ್ವ
26 ಜನವರಿ 1986

ವಸಂತ ಭಾವನಿಗೆ ನಮಸ್ಕಾರ.

ಸೇರಿಸುವುದು, ತಿದ್ದುವುದು ಏನೂ ಇಲ್ಲ. ನಿಮಗೆ ಆಫೀಸಿನಲ್ಲಿ ಕೆಲಸ ಕಡಿಮೆಯೆಂದು ಕಾಣುತ್ತದೆ, ಗಂಟೆಗೆಷ್ಟು ಎಂದೆಲ್ಲ ಲೆಕ್ಕ ಹಾಕಿದ್ದೀರಿ. ಮನುಷ್ಯನಿಗೆ ಒಮ್ಮೊಮ್ಮೆ ಲಹರಿ ಬರುವುದಿಲ್ಲವೇ?

ಆ ದಿನದ ನನ್ನ ಅವಸ್ಥೆ ನಿಮಗೇನು ಗೊತ್ತು! ಸಂಕ್ರಾಂತಿಗೆ ಮೊದಲಿನ ಭಾನುವಾರ ಡೊಂಬಿವಲಿಯ ಆಕಾಶದಲ್ಲಿ ಕಾಗೆಗೂ ಜಾಗವಿಲ್ಲ, ಬರೀ ಗಾಳಿಪಟ. ಒಂಬತ್ತಕ್ಕೆ ಸರಿಯಾಗಿ ಎದುರು ಬಿಲ್ಡಿಂಗಿನವರ ಗಾಜುಪುಡಿ ಹಚ್ಚಿದ ಮಾಂಜಾ ದಾರ ನನ್ನ ಆಂಟೆನಾಕ್ಕೆ ಸುತ್ತಿಕೊಂಡಿತು. ಅವರು ಎಳೆದರು, ಆಂಟೆನಾ ಪುಣೆಯ ಕಡೆ ಇದ್ದದ್ದು ಸೀದಾ ಮುಂಬ್ರಾದ ಕಡೆ ತಿರುಗಿತು. ಟೆರೇಸಿನ ಮೇಲೆ ನಾನು ಬಿಡಿಸುತ್ತಿದ್ದೇನೆ, ಆ ಕಡೆಯಿಂದ ಅವರು "ಅರೇ ಕಾಕಾ, ತೋಡೂ ನಕಾ!" ಎಂದು ಬೊಬ್ಬೆ. ದಾರ ಕಡಿಯಬಾರದಂತೆ! ನನ್ನ ಬೆರಳು ಮೂರು ಕಡೆ ಕಡಿಯಿತು. ಈಗಲೂ ಕಾರ್ಖಾನೆಯಲ್ಲಿ ಸ್ಕ್ರೂ ತಿರುಗಿಸುವಾಗ ಉರಿಯುತ್ತದೆ.

ಕಪ್ಪಿಗೆಂದು ಗೋಡೆಗೆ ಹಲಗೆ ಹೊಡೆದಾಯಿತು. ಪೂವಪ್ಪ ನನ್ನ ಬಗ್ಗೆ ಏನಾದರೂ ಬರೆದಿದ್ದಾನಾ? ಸುಮ್ಮನೆ ಕೇಳಿದೆ.

ಸುಂದರಿ ಯಾಕೋ ಒಂದು ವಾರದಿಂದ ಮಾತು ಕಡಿಮೆ ಮಾಡಿದ್ದಾಳೆ. ಚಳಿಗೆ ಇರಬೇಕು.

ನಿಮ್ಮ
ಜಯಶೀಲ


ಡೊಂಬಿವಲಿ
29 ಜನವರಿ 1986

ಅಣ್ಣಾ,

ಇವರಿಗೆ ಹೇಳದೆ ಬರೆಯುತ್ತಿದ್ದೇನೆ. ಗಂಡನ ಮೇಲೆ ಚಾಡಿ ಎಂದು ತಿಳಿಯಬೇಡ. ಹೇಳದಿದ್ದರೆ ನನಗೆ ಅನ್ನ ಇಳಿಯುವುದಿಲ್ಲ.

ಆ ಭಾನುವಾರ ಇವರು ಮಾಂಜಾ ಬಿಡಿಸಲು ಮೇಲೆ ಓಡುವಾಗ "ಯಾರಾದ್ರೂ ಕರೆದ್ರೆ ಸ್ಟ್ಯಾಂಡ್ ಬೈ, ಕಾಯಿರಿ ಅಂತ ಹೇಳು, ಈಗ ಬಂದೆ" ಎಂದರು. ನನಗೆ ಲೈಸೆನ್ಸ್ ಇಲ್ಲ, ಮೈಕ್ ಮುಟ್ಟಬಾರದೆಂದು ಗೊತ್ತಿಲ್ಲದ್ದಲ್ಲ. ಆದರೂ ಒಮ್ಮೆ ಹೇಳಿದೆ, ಎರಡು ಸಲ ಹೇಳಿದೆ. ಮೂರನೆಯದಾಗಿ ಪುಣೆಯವರು ಬಂದರು. ಬೆಳಗ್ಗಿನಿಂದ ಇವರು ಕಾದದ್ದು ಅವರಿಗೇ. ಸ್ವರ ಈಗ ಮುಳುಗುತ್ತದೆ, ಆಗ ಮುಳುಗುತ್ತದೆ ಎನ್ನುವಷ್ಟು ಸಣ್ಣ. ಸ್ಟ್ಯಾಂಡ್ ಬೈ ಎಂದರೆ ಮತ್ತೆ ಸಿಗುವುದುಂಟಾ? ಕೈ ತಾನಾಗಿ ಬಟನ್ ಒತ್ತಿತು. ನಂಬರ್ ಕೊಟ್ಟೆ. ಅವರು ಹೆಸರು ಕೇಳಿದರು.

ಇವರ ಹೆಸರು ನನ್ನ ಬಾಯಲ್ಲಿ ಬರಬೇಕಲ್ಲ ಅಣ್ಣ! ಮದುವೆಯಾಗಿ ಹನ್ನೊಂದು ವರ್ಷವಾಯಿತು, ರೇಶನ್ ಆಫೀಸಿನಲ್ಲೂ ನಾನು ಕಾರ್ಡಿನ ಮೇಲೆ ಬೆರಳಿಟ್ಟು ತೋರಿಸುವುದೇ ಹೊರತು ಹೇಳಿದವಳಲ್ಲ. ಹಾಗಾಗಿ "ಸುಂದರಿ" ಎಂದೆ. ನಿಯಮವೂ ಅದೇ ಅಲ್ಲವಾ, ಮೈಕ್ ಹಿಡಿದವರು ತಮ್ಮ ಹೆಸರು ಹೇಳಬೇಕೆಂದು?

ಆಮೇಲೆ ಒಬ್ಬರ ಹಿಂದೆ ಒಬ್ಬರು ಬಂದರು. ಆರು ವರ್ಷ ಅಡಿಗೆಮನೆಯಿಂದ ಕೇಳಿಕೊಂಡೇ ಇದ್ದೆನಲ್ಲ, ಒಂದು ಮಾತಿಗೂ ತಡವರಿಸಲಿಲ್ಲ. ಸಾರು ಉಕ್ಕಿ ಒಲೆ ಆರಿತ್ತು, ಅದೂ ಗೊತ್ತಾಗಲಿಲ್ಲ. ಅಷ್ಟು ಖುಷಿ ನನಗೆ ಯಾವಾಗ ಆಗಿತ್ತೋ ನೆನಪಿಲ್ಲ. ತಿರುಗಿ ನೋಡಿದರೆ ಇವರು ಬಾಗಿಲಲ್ಲಿ ನಿಂತಿದ್ದಾರೆ. ನಾನು ಎದ್ದೆ, ಇವರು ಕುಳಿತರು.

ಮರುದಿನ ಲಾಗ್ ಚಂದ ಮಾಡಿ ನಕಲು ಮಾಡುವಾಗ ನೋಡಿದೆ. ಆ ಹದಿನಾಲ್ಕರ ಎದುರೂ ಇವರು ತಮ್ಮ ಹೆಸರನ್ನೇ ಬರೆದಿದ್ದಾರೆ.

ನಾನು ಮೈಕ್ ಮುಟ್ಟಿದ್ದು ತಪ್ಪು, ಒಪ್ಪುತ್ತೇನೆ. ಹೊಡೆದು ಹಾಕುವುದಾದರೆ ಹಾಕು. ಆದರೆ ಮೊದಲು ಅವು ನನ್ನವೆಂದು ಬರೆದು ಆಮೇಲೆ ಹೊಡೆದು ಹಾಕು. ಅಷ್ಟೇ ನನ್ನ ಆಸೆ.

ನಿನ್ನ ತಂಗಿ
ಸುಂದರಿ


ವಾಶಿ
5 ಫೆಬ್ರವರಿ 1986

ಜಯಶೀಲ ಭಾವನಿಗೆ,

ಪೂವಪ್ಪ ಬರೆದಿದ್ದಾನಾ ಎಂದು ಕೇಳಿದ್ದೀರಿ. ಬರೆದಿದ್ದಾನೆ. ಆ ಹೊತ್ತಿನ ಹದಿನಾಲ್ಕು ಸ್ಟೇಷನ್‌ಗಳ ಲಾಗುಗಳೂ ನನ್ನ ಕೈಗೆ ಬಂದಿವೆ. ಹದಿಮೂರರಲ್ಲಿ ನಿಮ್ಮ ಸ್ಟೇಷನ್ನಿನ ಎದುರು, ಆಪರೇಟರ್ ಹೆಸರಿನ ಅಂಕಣದಲ್ಲಿ, 'ಸುಂದರಿ' ಎಂದಿದೆ. ಉಳಿದ ಒಬ್ಬ ಸುಂದರಮ್ ಎಂದು ಬರೆದಿದ್ದಾನೆ, ಅವನು ಮದ್ರಾಸಿನವನು. ಪೂವಪ್ಪ ದೂರು ಕೊಟ್ಟಿಲ್ಲ. ಕೊಟ್ಟಿದ್ದರೆ ಕಪ್ ಅವನದ್ದೇ, ಅದು ಅವನಿಗೆ ಚೆನ್ನಾಗಿ ಗೊತ್ತು. ಅಂಚಿನಲ್ಲಿ ಇಷ್ಟು ಬರೆದಿದ್ದಾನೆ: 'ಈ ವರ್ಷ ನಾನು ಕೇಳಿದವರಲ್ಲೆಲ್ಲ ಅಚ್ಚುಕಟ್ಟಾದ ಆಪರೇಟರ್.'

ಲಾಗುಗಳು ಬೇಕಾಗಿರಲಿಲ್ಲ ಭಾವ. ಆ ದಿನ ನಾನೂ ರಿಸೀವರ್ ಹಚ್ಚಿ ಕುಳಿತಿದ್ದೆ. ಹೆಂಡತಿ ಚಹಾ ತಂದಿಟ್ಟಿದ್ದಳು. ನಿಮ್ಮ ಸ್ಟೇಷನ್ನಿನ ಗುರುತಿನ ಕಾಲ್‌ಸೈನ್ ಕೇಳಿತು, ಸ್ವರ ನನ್ನ ತಂಗಿಯದ್ದು. ಪುಣೆಯವರಿಗೆ ಹೆಸರು ಸರಿಯಾಗಿ ಕೇಳಲಿಲ್ಲ; ಅವಳು ಅವಸರ ಮಾಡದೆ ಒಂದೊಂದೇ ಅಕ್ಷರ ಬಿಡಿಸಿ ಹೇಳಿದಳು. ನಾನು ಕುರ್ಚಿಯಿಂದ ಎದ್ದು ನಿಂತುಬಿಟ್ಟೆ. ಕಣ್ಣಲ್ಲಿ ನೀರು ಬಂತು, ಅದನ್ನು ನಿಮ್ಮಲ್ಲಿ ಹೇಳಲು ನನಗೆ ನಾಚಿಕೆಯಿಲ್ಲ. ನಾಚಿಕೆಯಾದದ್ದು ನಿಮ್ಮ ರುಜು ನೋಡಿದಾಗ.

ಕೆಂಪು ಶಾಯಿಯಲ್ಲಿ ನಾನೇ ಗೆರೆ ಎಳೆಯಬಹುದು. ಎಳೆದರೆ ನೀವು ಸಿಕ್ಕಿಬಿದ್ದವರಾಗುತ್ತೀರಿ, ಅವಳು ಕಳ್ಳ ಆಪರೇಟರ್ ಆಗುತ್ತಾಳೆ. ಎರಡೂ ನನಗೆ ಬೇಡ. ಇನ್ನು ಹತ್ತು ದಿನ ಉಂಟು. ಆ ಹದಿನಾಲ್ಕನ್ನು ಕಿತ್ತು ಉಳಿದ ನಲವತ್ತೇಳಕ್ಕೆ ಎರಡನೇ ಸ್ಥಾನ ಕೊಡಿ ಎಂದು ಮಾತ್ರ ಕೇಳಬೇಡಿ, ನಿಮ್ಮ ತಲೆ ಹೇಗೆ ಓಡುತ್ತದೆಂದು ನನಗೆ ಗೊತ್ತು. ಒಬ್ಬರೇ ಆಪರೇಟರ್ ಎಂದರೆ ಆರು ಗಂಟೆಯುದ್ದಕ್ಕೂ ಒಬ್ಬರೇ.

ಮತ್ತೊಂದು. ಲೈಸೆನ್ಸ್ ಇಲ್ಲದವರ ಕೈಗೆ ಮೈಕ್ ಕೊಟ್ಟು ಟೆರೇಸ್ ಹತ್ತುವುದು ಸ್ಪರ್ಧೆಗಿಂತ ದೊಡ್ಡ ತಪ್ಪು. ಇನ್ನೊಮ್ಮೆ ಆಗಕೂಡದು.

ವಸಂತಕುಮಾರ


ಡೊಂಬಿವಲಿ ಪೂರ್ವ
12 ಫೆಬ್ರವರಿ 1986

ವಸಂತ ಭಾವ,

ಎರಡನೇ ಸ್ಥಾನ ಕೇಳುವ ಕಾಗದ ನಿಜವಾಗಿ ಬರೆದಿಟ್ಟಿದ್ದೆ. ನಿಮ್ಮದು ಓದಿ ಹರಿದು ಹಾಕಿದೆ. ನೀವು ನನ್ನ ತಲೆಯೊಳಗೆ ಯಾವಾಗ ಮನೆ ಮಾಡಿದಿರೋ!

ಭಾನುವಾರ ಸುಂದರಿಯ ಹತ್ತಿರ ಕಚ್ಚಾ ಲಾಗ್ ಪುಸ್ತಕ ಕೇಳಿದೆ. ತಂದು ಎದುರಿಗಿಟ್ಟು ನಿಂತಳು. ನನ್ನ ಪುಟಗಳಲ್ಲಿ ಹೊಡೆದದ್ದು, ಬರೆದದ್ದು, ಚಹಾದ ಕಲೆ. ನಡುವೆ ಅವಳ ಒಂದೂವರೆ ಪುಟ, ಒಂದು ಚಿತ್ತೂ ಇಲ್ಲ.

"ಆ ದಿನ ಬಾಗಿಲಲ್ಲಿ ಎಷ್ಟು ಹೊತ್ತು ನಿಂತಿದ್ರಿ?" ಎಂದು ಕೇಳಿದಳು.

"ಐದು ನಿಮಿಷ ಇರ್ಬಹುದು."

"ಮತ್ತೆ ನಿಲ್ಲಿಸು ಅಂತ ಯಾಕೆ ಹೇಳ್ಲಿಲ್ಲ?"

"ನೀನು ಚಂದ ಮಾಡ್ತಾ ಇದ್ದೆ."

"ಅದನ್ನಾದ್ರೂ ಹೇಳ್ಬಹುದಿತ್ತಲ್ಲ ಮಾರಾಯ್ರೆ!"

ಭಾವ, ನಾನು ಅದನ್ನು ಹೇಳದೆ ಇದ್ದದ್ದು ಕಪ್ಪಿಗಾಗಿ ಮಾತ್ರ ಅಲ್ಲ. ಆರು ವರ್ಷ ತಿಪ್ಪರಲಾಗ ಹಾಕಿದರೂ ನನಗೆ ಬಾರದ ವೇಗ ಅವಳಿಗೆ ಮೊದಲ ದಿನವೇ ಬಂತಲ್ಲ, ಆ ಹೊಟ್ಟೆಕಿಚ್ಚು. ಬರೆದುಬಿಟ್ಟೆ, ಈಗ ಹಗುರವಾಯಿತು. ಅವಳಿಗೂ ಹೇಳಿದೆ. ಅವಳು ನಕ್ಕು ನಕ್ಕು ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ನಾನೂ ನಕ್ಕೆ.

ಹೊಸ ಲಾಗ್ ಇಟ್ಟಿದ್ದೇನೆ. 9.12ರಿಂದ 9.40: ಆಪರೇಟರ್ ಸುಂದರಿ, ಲೈಸೆನ್ಸ್ ಇಲ್ಲ, ಸಂಪರ್ಕ ಹದಿನಾಲ್ಕು. ತಪ್ಪು ನನ್ನದು. ಇದನ್ನು ಸ್ಪರ್ಧೆಗೆ ಸೇರಿಸಬೇಡಿ, ಉಳಿದವರ ಲಾಗ್ ತಾಳೆ ನೋಡಲಿಕ್ಕೆ ಮಾತ್ರ ಬಳಸಿ. ಅವಳೊಡನೆ ಮಾತಾಡಿದ ಹದಿನಾಲ್ಕು ಮಂದಿಯ ಅಂಕ ಕತ್ತರಿಸಬೇಡಿ, ಅವರೇನು ಮಾಡಿದ್ದಾರೆ ಪಾಪ.

ಪೂವಪ್ಪನಿಗೆ ನಾನೇ ರೇಡಿಯೊದಲ್ಲಿ ಅಭಿನಂದನೆ ಹೇಳಿದೆ, ಕಾರಣವನ್ನೂ ಹೇಳಿದೆ. ಜಿಲ್ಲೆಯಿಡೀ ಕೇಳಲಿ ಎಂದೇ ಹೇಳಿದೆ. ಅವನು ಕೇಳಿದ್ದು ಒಂದೇ: "ಅಕ್ಕ ಪರೀಕ್ಷೆಗೆ ಕೂರುವುದು ಯಾವಾಗ?"

ಗೋಡೆಯ ಹಲಗೆಯ ಮೇಲೆ ಈಗ ಉಪ್ಪಿನಕಾಯಿ ಭರಣಿ ಕೂತಿದೆ.

ನಿಮ್ಮ ಭಾವ
ಜಯಶೀಲ


ಡೊಂಬಿವಲಿ
22 ಅಕ್ಟೋಬರ್ 1987

ಅಣ್ಣಾ,

ಲೈಸೆನ್ಸ್ ಬಂತು! ದೀಪಾವಳಿಯ ದಿನವೇ ಪೋಸ್ಟ್‌ಮನ್ ಕೈಗಿಟ್ಟ. ನನ್ನ ಹೆಸರು, ನನ್ನದೇ ಕಾಲ್‌ಸೈನ್, ಸರಕಾರದ ಮೊಹರು.

ಕಳೆದ ವರ್ಷ ಆಗಸ್ಟಿನಲ್ಲಿ ಪರೀಕ್ಷೆ ಬರೆದದ್ದು, ಕಾಗದ ಬರಲು ಹದಿನಾಲ್ಕು ತಿಂಗಳು. ನಡುವೆ ಪೊಲೀಸ್ ವಿಚಾರಣೆಗೆ ಬಂದ ಹವಾಲ್ದಾರ ಎರಡು ಲೋಟ ಚಹಾ ಕುಡಿದು "ವಹಿನಿ, ಹೇ ಸಗಳಂ ಕಶಾಲಾ?" ಎಂದು ಕೇಳಿದ್ದ. ಇದೆಲ್ಲ ಯಾತಕ್ಕಂತೆ! ಸ್ಪರ್ಧೆಗೆ ಎಂದೆ. ಏನು ಬರೆದುಕೊಂಡನೋ ದೇವರಿಗೇ ಗೊತ್ತು, ಅಂತೂ ಪಾಸು ಮಾಡಿದ್ದಾನೆ.

ಪರೀಕ್ಷೆಗೆ ಬೇಕಾದ ಮೋರ್ಸ್ ಸಂಕೇತ ಕಲಿಸಿದ್ದು ಇವರೇ. ಕಲಿಸುವಾಗ ಇವರಿಗೆ ತಾಳ್ಮೆಯಿಲ್ಲ, ನನಗೆ ಕೇಳುವ ತಾಳ್ಮೆಯಿಲ್ಲ. ಚಪಾತಿ ಲಟ್ಟಿಸುತ್ತ ಲಟ್ಟಣಿಗೆಯಲ್ಲಿ ಟಿಕ್ ಟಿಕ್ ಎನ್ನುತ್ತಿದ್ದೆ. ಪಕ್ಕದ ಮನೆಯ ಪ್ರಫುಲ್ಲಾ ಗೋಡೆಯಲ್ಲಿ ಇಲಿ ಸೇರಿದೆಯೆಂದು ಬೋನು ತಂದಿಟ್ಟಳು.

ಒಂದೇ ಮನೆಯಿಂದ ಇಬ್ಬರು ಸ್ಪರ್ಧಿಸುವ ಹಾಗಿಲ್ಲವಲ್ಲ. ಮನೆಯ ಸೆಟ್ ನನಗೇ ಬಿಟ್ಟಿದ್ದಾರೆ. ಇವರು ಸಣ್ಣದೊಂದು ಸೆಟ್ ಮಾಡಿಕೊಂಡಿದ್ದಾರೆ, ಸ್ಕೂಟರಿನ ಬ್ಯಾಟರಿ ಕಟ್ಟಿಕೊಂಡು ಮಲಂಗಗಡದ ಗುಡ್ಡ ಹತ್ತುತ್ತಾರಂತೆ. "ಗುಡ್ಡದ ಮೇಲಿಂದ ನಿಂಗೂ ಒಂದು ಅಂಕ ಕೊಡ್ತೇನೆ" ಎಂದು ಈಗಲೇ ಜಂಭ.

ನನ್ನ ಲಾಗ್ ಮಾತ್ರ ನೀನು ನೋಡಬೇಡ ಅಣ್ಣ. ಬೇರೆ ಯಾರಾದರೂ ನೋಡಲಿ.

ನಿನ್ನ
ಸುಂದರಿ


ವಾಶಿ
5 ಫೆಬ್ರವರಿ 1988

ಜಯಶೀಲ ಭಾವನಿಗೂ ಸುಂದರಿಗೂ,

ಫಲಿತಾಂಶ ಅಚ್ಚಿಗೆ ಹೋಗುವ ಮೊದಲು ಬರೆಯುತ್ತಿದ್ದೇನೆ. ಪೂವಪ್ಪ ಐವತ್ತೆಂಟು. ಸುಂದರಿ ಐವತ್ತೇಳು. ಮೊದಲ ಸ್ಪರ್ಧೆಯಲ್ಲೇ ಎರಡನೇ ಸ್ಥಾನ! ಅವಳ ಲಾಗ್ ನೋಡಿದ್ದು ನಮ್ಮ ಕ್ಲಬ್ಬಿನ ಠಾಣೆಯ ವಾಸು. ತಪ್ಪು ಹುಡುಕುವುದರಲ್ಲಿ ನನಗಿಂತ ಖದೀಮ, ಒಂದೂ ಸಿಗಲಿಲ್ಲವಂತೆ. ಭಾವ, ನಿಮ್ಮದು ಮೂವತ್ತೊಂದು. ಗುಡ್ಡದ ಮೇಲೂ ಹವೆ, ಮಕ್ಕಳು.

ಒಂದು ವಿಷಯ ಮಾತ್ರ. ನಿಮ್ಮ ಲಾಗಿನಲ್ಲಿ ಹತ್ತು ಇಪ್ಪತ್ತಕ್ಕೆ ಸುಂದರಿಯೊಡನೆ ಸಂಪರ್ಕವಿದೆ. ಅವಳ ಲಾಗಿನಲ್ಲಿ ಅದು ಇಲ್ಲ. ನಕಲು ಮಾಡುವಾಗ ಬಿಟ್ಟುಹೋಯಿತೇ? ಸೇರಿಸಿದರೆ ಅವಳದ್ದೂ ಐವತ್ತೆಂಟಾಗುತ್ತದೆ. ಇಬ್ಬರೂ ಸಮ, ಕಪ್ ಆರು ತಿಂಗಳು ಕಲ್ಯಾಣದಲ್ಲಿ, ಆರು ತಿಂಗಳು ನಿಮ್ಮಲ್ಲಿ. ಹದಿನೈದರವರೆಗೆ ಸಮಯ ಉಂಟು. ಗಂಡನ ನಂಬರ್ ಏನೆಂದು ತಿಳಿಯಲು ಅವಳು ಬಹಳ ದೂರವೇನೂ ಹೋಗಬೇಕಾಗಿಲ್ಲ.

ನಾನು ಒತ್ತಾಯ ಮಾಡುತ್ತಿಲ್ಲ. ಸುಮ್ಮನೆ ತಿಳಿಸಿದೆ.

ವಸಂತಕುಮಾರ


ಡೊಂಬಿವಲಿ ಪೂರ್ವ
9 ಫೆಬ್ರವರಿ 1988

ವಸಂತ ಭಾವ,

ಅಯ್ಯೋ, ನೀವು! ನಿಯಮದ ಪುಸ್ತಕವನ್ನು ದಿಂಬಿನಡಿ ಇಟ್ಟುಕೊಂಡು ಮಲಗುವ ನೀವು! ಕಾಗದ ಓದಿ ನಾನು ಹತ್ತು ನಿಮಿಷ ನಕ್ಕೆ. ತಂಗಿ ಒಂದು ಅಂಕಕ್ಕೆ ಸೋತದ್ದು ನಿಮಗೂ ತಡೆಯಲಿಲ್ಲವಲ್ಲ, ಅದು ನನಗೆ ಬಹಳ ಇಷ್ಟವಾಯಿತು.

ಬಿಟ್ಟುಹೋದದ್ದಲ್ಲ ಭಾವ. ಹತ್ತು ಇಪ್ಪತ್ತಕ್ಕೆ ನಾನು ಕರೆದದ್ದು ನಿಜ, ಅವಳು ಉತ್ತರ ಕೊಟ್ಟದ್ದೂ ನಿಜ. ಅಷ್ಟರಲ್ಲಿ ಬ್ಯಾಟರಿ ಕೈ ಕೊಡತೊಡಗಿತ್ತು. ಬಟನ್ ಒತ್ತಿದ ಕೂಡಲೇ ಸ್ವರ ಚೆನ್ನಾಗಿ ಹೋಗುತ್ತದೆ, ನಾಲ್ಕು ಮಾತಾಗುವಷ್ಟರಲ್ಲಿ ಮುಳುಗುತ್ತದೆ. ನನ್ನ ಕಾಲ್‌ಸೈನ್ ಹೋಯಿತು, ಹೆಸರು ಹೋಯಿತು, ನಂಬರ್ ಬರುವಾಗ ಬರೀ ಸರಸರ ಸದ್ದು. ಅವಳು ಮತ್ತೊಮ್ಮೆ ಕೇಳಿದಳು. ಮತ್ತೆ ಅದೇ. ಮೂರನೇ ಸಲವೂ ಅದೇ. ನಂಬರನ್ನೇ ಮೊದಲು ಹೇಳಬಹುದೆಂದು ಈ ದಡ್ಡನಿಗೆ ಹೊಳೆದದ್ದು ಗುಡ್ಡ ಇಳಿಯುವಾಗ.

ಕಡೆಗೆ ಸಿಟ್ಟು ಬಂದು "ನಾನೇ ಮಾರಾಯ್ತಿ, ಬರ್ಕೋ, ಮನೆಗೆ ಬಂದು ಹೇಳ್ತೇನೆ!" ಎಂದು ಕೂಗಿದೆ. ಅದು ಮಾತ್ರ ಬಟನ್ ಒತ್ತಿದ ಕೂಡಲೇ ಹೇಳಿದ್ದರಿಂದ ಎಲ್ಲರಿಗೂ ಸ್ಪಷ್ಟವಾಗಿ ಕೇಳಿತು.

ಅವಳು ಏನೆಂದಳು ಗೊತ್ತಾ? "ನಂಬರ್ ಬರಲಿಲ್ಲ. ಸಂಪರ್ಕ ಪೂರ್ತಿಯಾಗಲಿಲ್ಲ. ಧನ್ಯವಾದ" ಎಂದಳು. ಆಮೇಲೆ ಒಂದು ಉಸಿರೂ ಬಿಡದೆ ಮುಂದಿನವರನ್ನು ಕರೆದಳು. ಉಲ್ಲಾಸನಗರದವರೊಬ್ಬರು ನಕ್ಕದ್ದು ನನಗೆ ಗುಡ್ಡದ ಮೇಲೆ ಕೇಳಿತು. ಅವಳ ನಂಬರ್ ನನಗೆ ಸರಿಯಾಗಿ ಬಂದಿತ್ತು, ಹಾಗಾಗಿ ನನ್ನ ಲಾಗಿನಲ್ಲಿ ಬರೆದೆ. ಅದು ಎರಡೂ ಕಡೆ ಪೂರ್ತಿಯಾಗಿಲ್ಲ, ಹೊಡೆದು ಹಾಕಿ. ನನ್ನದು ಮೂವತ್ತು.

ಮನೆಗೆ ಬಂದು ಕಾಲು ತೊಳೆದು ಚಹಾಕ್ಕೆ ಕುಳಿತವನು "ನನ್ನ ನಂಬರ್..." ಎಂದು ಬಾಯಿ ತೆರೆದೆ ಅಷ್ಟೇ. ಎರಡೂ ಕೈಯಲ್ಲಿ ಕಿವಿ ಮುಚ್ಚಿಕೊಂಡಳು.

"ಹೇಳ್ಬೇಡಿ, ಹೇಳ್ಬೇಡಿ! ಈಗ ಹೇಳಿದ್ರೆ ನಂಗೆ ಗೊತ್ತಾಗಿ ಹೋಗ್ತದೆ!"

ಮೊನ್ನೆ ನಿಮ್ಮ ಕಾಗದವನ್ನು ಗಟ್ಟಿಯಾಗಿ ಓದಿ ಹೇಳಿದೆ. ಆರು ತಿಂಗಳ ಕಪ್ಪಿನ ಆಸೆಯನ್ನೂ ತೋರಿಸಿದೆ. ಅವಳು ಕೊತ್ತಂಬರಿ ಸೊಪ್ಪು ಸೋಸುತ್ತಿದ್ದವಳು ತಲೆಯೆತ್ತದೆ, "ಅಣ್ಣನಿಗೆ ನಿಯಮಾವಳಿ ಒಮ್ಮೆ ಓದ್ಲಿಕ್ಕೆ ಹೇಳಿ" ಎಂದಳು.

ಐವತ್ತೇಳು ಸ್ಟೇಷನ್ ಅವಳ ಲಾಗಿನಲ್ಲಿದೆ ಭಾವ. ಕರ್ಜತಿನವರಿದ್ದಾರೆ, ಪುಣೆಯವರಿದ್ದಾರೆ, ಪೂವಪ್ಪನೂ ಇದ್ದಾನೆ. ಕಟ್ಟಿಕೊಂಡ ಗಂಡ ಮಾತ್ರ ಇಲ್ಲ. ಕಾರ್ಖಾನೆಯಲ್ಲಿ, ಲೋಕಲ್ ಟ್ರೇನಿನಲ್ಲಿ, ಸಿಕ್ಕ ಸಿಕ್ಕವರಿಗೆಲ್ಲ ಇದನ್ನೇ ಹೇಳಿಕೊಂಡು ತಿರುಗುತ್ತಿದ್ದೇನೆ. ಕಪ್ ಗೆದ್ದಿದ್ದರೂ ನಾನು ಇಷ್ಟು ಮೆರೆಯುತ್ತಿರಲಿಲ್ಲ.

ನನ್ನ ನಂಬರ್ ಎಷ್ಟೆಂದು ಇವತ್ತಿಗೂ ಅವಳಿಗೆ ಗೊತ್ತಿಲ್ಲ. ಅಂಚೆಗೆ ಹಾಕುವ ಮೊದಲು ಈ ಕಾಗದವನ್ನೂ ಅವಳು ಓದುತ್ತಾಳೆ, ಹಾಗಾಗಿ ಇಲ್ಲಿಯೂ ಬರೆಯುತ್ತಿಲ್ಲ. ನನ್ನ ಲಾಗ್ ನಿಮ್ಮ ಹತ್ತಿರ ಉಂಟು. ಮುಂದಿನ ವಾರ ನಮ್ಮಲ್ಲಿಗೆ ಬಂದಾಗ ದಯವಿಟ್ಟು ನೀವೂ ಬಾಯಿ ಬಿಡಬೇಡಿ.

ನಿಮ್ಮ ಭಾವ
ಜಯಶೀಲ